ಚರ್ಮದ ಜಾಕೆಟಿನ ಜಿಪ್ಪು: ಬೆಡಗೋ, ಬಳಕೆಯೋ?

ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಈಚೆಗೆ ಕಪ್ಪು ಚರ್ಮದ ಜಾಕೆಟೊಂದನ್ನು ತೊಟ್ಟು ಬಂದಿದ್ದನು. ಎದೆಯ ಮೇಲೆ, ಜೇಬುಗಳ ಬಾಯಲ್ಲಿ, ತೋಳುಗಳ ತುದಿಯಲ್ಲಿ, ಎಲ್ಲಿ ನೋಡಿದರೂ ಹೊಳೆಯುವ ಜಿಪ್ಪುಗಳು. ಸಹಪಾಠಿಗಳು ಎಣಿಸಿ ಒಂಬತ್ತು ಎಂದರು. ಇವೆಲ್ಲ ಬರಿಯ ಬೆಡಗಲ್ಲವೆ ಎಂದು ಅವರಲ್ಲೊಬ್ಬನು ನಮ್ಮನ್ನು ಕೇಳಿದನು. ಹೌದೆಂದು ಹೇಳಿ ಪಾಠಕ್ಕೆ ತೊಡಗುವುದು ಸುಲಭವಾಗಿತ್ತು, ಹಾಗೆಯೇ ಮಾಡಿದೆವು. ಮನೆಗೆ ಬಂದು ಯೋಚಿಸಿದಾಗ ಆ ಉತ್ತರವು ಅವಸರದ್ದೆಂದು ತೋರಿತು. ಈ ಲೇಖನವು ಆ ತಪ್ಪಿನ ತಿದ್ದುಪಡಿ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಚರ್ಮವು ಉಣ್ಣೆಯ ಹೆಣಿಗೆಯಂತೆ ಹಿಗ್ಗಿ ಕುಗ್ಗುವುದಿಲ್ಲ. ಹತ್ತಿಯ ಬಟ್ಟೆಯಂತೆ ಗಾಳಿಯಾಡಗೊಡುವುದೂ ಇಲ್ಲ. ಸವಾರನಿಗೆ ಚರ್ಮವು ಹಿತವಾದುದು ಈ ಗುಣಗಳಿಂದಲೇ; ತೊಡಲು ತೊಡಕಾದುದೂ ಇವುಗಳಿಂದಲೇ. ಆ ತೊಡಕನ್ನು ನೀಗುವುದಕ್ಕಾಗಿ ಜಿಪ್ಪು ಬಂದಿತು. ಆದುದರಿಂದ ಜಾಕೆಟಿನ ಯಾವ ಜಿಪ್ಪನ್ನು ಕಂಡರೂ, ಇದು ಚರ್ಮದ ಯಾವ ಕೊರತೆಯನ್ನು ತುಂಬುತ್ತದೆ ಎಂದು ಕೇಳತಕ್ಕದ್ದು. ಉತ್ತರ ದೊರೆಯದಿದ್ದರೆ ಆಗ ಬೆಡಗೆನ್ನಬಹುದು.

ಮೊದಲು ಗಾಳಿಯ ಮಾತು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸಾಗುವ ಸವಾರನ ಎದೆಗೆ ಗಾಳಿಯು ಸೆಕೆಂಡಿಗೆ ಸುಮಾರು 16.7 ಮೀಟರು ವೇಗದಿಂದ ಎದುರಾಗುತ್ತದೆ. ಗಾಳಿಯ ಸಾಂದ್ರತೆಯನ್ನು ಘನಮೀಟರಿಗೆ 1.2 ಕಿಲೋಗ್ರಾಂ ಎಂದು ಹಿಡಿದು, ಅದರ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ, ಚದರ ಮೀಟರಿಗೆ ಸುಮಾರು 167 ನ್ಯೂಟನ್ ಒತ್ತಡವೆಂದು ತಿಳಿಯುತ್ತದೆ. ಎಂದರೆ ಕಾಲು ಚದರ ಮೀಟರಿನ ಎದೆಯ ಮೇಲೆ ನಾಲ್ಕು ಕಿಲೋಗ್ರಾಂಗೂ ಮಿಕ್ಕ ಭಾರ. ವೇಗವು ಇಮ್ಮಡಿಸಿ 120 ಆದರೆ ಈ ಭಾರ ನಾಲ್ಮಡಿಸಿ ಹದಿನೇಳು ಕಿಲೋಗ್ರಾಮಿನಷ್ಟಾಗುತ್ತದೆ. ಸಣ್ಣದೊಂದು ಮಗುವನ್ನು ಎದೆಗೆ ಒತ್ತಿ ಹಿಡಿದಂತೆ!

ಇಂತಹ ಗಾಳಿಯ ಮುಂದೆ ಗುಂಡಿ ಹಾಕಿದ ಕೋಟಿನ ಪಾಡೇನು? ಆರೇಳು ಗುಂಡಿಗಳು ಕೋಟನ್ನು ಆರೇಳು ಬಿಂದುಗಳಲ್ಲಿ ಮಾತ್ರ ಹಿಡಿದಿರುತ್ತವೆ. ಗುಂಡಿ ಗುಂಡಿಗಳ ನಡುವೆ ಅಂಚು ಬಾಯ್ದೆರೆದು ಗಾಳಿಯನ್ನು ಒಳಕ್ಕೆ ಬಿಡುತ್ತದೆ. ಮೈಗೂ ಬಟ್ಟೆಗೂ ನಡುವೆ ನಿಶ್ಚಲವಾಗಿ ನಿಂತ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದೆಂಬುದನ್ನು ವಾಚಕರು ಬಲ್ಲರು. ಆ ಗಾಳಿ ಕದಲಿತೆಂದರೆ ದಪ್ಪ ಚರ್ಮದಿಂದಲೂ ಪ್ರಯೋಜನವಿಲ್ಲ. ಜಿಪ್ಪಾದರೋ ಅಂಚಿನುದ್ದಕ್ಕೂ ಬಿಡದೆ ಹಿಡಿಯುತ್ತದೆ. ಅದರ ಒಂದೊಂದು ಹಲ್ಲಿಗೂ ಒಂದು ಮಗ್ಗುಲಲ್ಲಿ ಉಬ್ಬು, ಇನ್ನೊಂದು ಮಗ್ಗುಲಲ್ಲಿ ತಗ್ಗು. ದರ್ಜಿಗಳು ರನ್ನರ್ ಎನ್ನುವ ತುಣುಕಿನೊಳಗೆ ಕವಲೊಡೆದ ಹಾದಿಯುಂಟು. ಎರಡು ಸಾಲಿನ ಹಲ್ಲುಗಳು ಎರಡು ಕವಲುಗಳಿಂದ ಬಂದು, ಕೂಡುವೆಡೆಯಲ್ಲಿ ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕುಳಿತುಕೊಳ್ಳುತ್ತವೆ. ಹೀಗೆ ಕುಳಿತ ಹಲ್ಲು ಅಡ್ಡಕ್ಕೆ ಎಳೆದರೆ ಬಿಡದು. ಹೊರಬರಬೇಕಾದರೆ ಅದು ವಾಲಬೇಕು, ವಾಲಗೊಡದಂತೆ ನೆರೆಯ ಹಲ್ಲುಗಳು ಒತ್ತಿ ಹಿಡಿದಿರುತ್ತವೆ.

ಇಷ್ಟು ಸರಳವಾದ ಸಾಧನವು ಹದಕ್ಕೆ ಬರಲು ಬಹುಕಾಲ ಹಿಡಿಯಿತು. ಅಮೆರಿಕದ ವಿಟ್ಕೂಂಬ್ ಜಡ್ಸನ್ ಎಂಬಾತನು 1893ರಲ್ಲಿ ಪೇಟೆಂಟ್ ಪಡೆದ ಕೊಕ್ಕೆಗಳ ಸಾಲು ಬೇಕೆಂದಾಗ ಸಿಕ್ಕಿಕೊಳ್ಳುತ್ತಲೂ ಬೇಡವೆಂದಾಗ ಬಿಚ್ಚಿಕೊಳ್ಳುತ್ತಲೂ ಇತ್ತು. ಸ್ವೀಡನ್ನಿನಿಂದ ವಲಸೆ ಬಂದ ಗಿಡಿಯನ್ ಸಂಡ್‌ಬ್ಯಾಕ್ ಎಂಬ ಇಂಜಿನಿಯರನು ಕೊಕ್ಕೆಯನ್ನು ಕೈಬಿಟ್ಟು ಹಲ್ಲುಗಳ ಮಾದರಿಯನ್ನು ರೂಪಿಸಿ 1917ರಲ್ಲಿ ಪೇಟೆಂಟ್ ಪಡೆದನು. 1923ರಲ್ಲಿ ಗುಡ್‌ರಿಚ್ ಕಂಪನಿಯು ತನ್ನ ರಬ್ಬರ್ ಬೂಟುಗಳಿಗೆ ಇದನ್ನು ಜೋಡಿಸಿತು. ‘ಜಿಪ್ಪರ್’ ಎಂಬ ಹೆಸರು ರೂಢಿಗೆ ಬಂದದ್ದು ಆ ಬೂಟುಗಳಿಂದ.

ಬೂಟಿನಿಂದ ಜಾಕೆಟಿಗೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ನ್ಯೂಯಾರ್ಕಿನ ಅರ್ವಿಂಗ್ ಶಾಟ್ ಎಂಬ ಉಡುಪಿನ ತಯಾರಕನು 1928ರಲ್ಲಿ ಮೋಟಾರ್ ಸೈಕಲ್ ಸವಾರರಿಗೆಂದು ಜಿಪ್ಪುಳ್ಳ ಚರ್ಮದ ಜಾಕೆಟನ್ನು ಹೊಲಿಸಿ, ತನಗೆ ಪ್ರಿಯವಾದ ಚುಟ್ಟದ ಹೆಸರಿನಿಂದ ಅದನ್ನು ‘ಪರ್ಫೆಕ್ಟೋ’ ಎಂದು ಕರೆದನು. ಅದರ ಮೊದಲ ಬೆಲೆ ಐದೂವರೆ ಡಾಲರು. ನಮ್ಮ ವಿದ್ಯಾರ್ಥಿಯ ಜಾಕೆಟಿಗೆ ಮೂಲಪುರುಷನು ಇದೇ. ಇಂದು ನಾವು ಕಾಣುವ ಪರ್ಫೆಕ್ಟೋ ಮಾದರಿಯಲ್ಲಿ ಎದೆಯ ಜಿಪ್ಪು ನಡುಮಧ್ಯದಲ್ಲಿಲ್ಲ. ಒಂದು ಮಗ್ಗುಲಿಗೆ ಸರಿದು ಓರೆಯಾಗಿ ಏರುತ್ತದೆ. ಇದನ್ನು ಕಂಡು ಬೆಡಗೆನ್ನುವವರೇ ಹೆಚ್ಚು. ಆದರೆ ಹಲ್ಲುಗಳ ಸಂದಿನಿಂದ ಸ್ವಲ್ಪ ಗಾಳಿ ನುಸುಳಿಯೇ ನುಸುಳುತ್ತದೆ. ಜಿಪ್ಪನ್ನು ಪಕ್ಕಕ್ಕೆ ಸರಿಸಿದಾಗ ಎದೆಯ ನಡುವೆ ಒಂದು ಚರ್ಮದ ಮೇಲೊಂದು ಚರ್ಮ ಹಾಯುತ್ತದೆ. ಮೇಲಾಗಿ, ಲೋಹದ ಹಲ್ಲುಗಳ ಸಾಲು ಬಟ್ಟೆಯಂತೆ ಮಡಿಯಲಾರದು. ಹ್ಯಾಂಡಲಿನ ಮೇಲೆ ಬಾಗಿ ಕುಳಿತವನ ಹೊಟ್ಟೆಯಿಂದ ಗಂಟಲಿನವರೆಗೆ ಅದು ನೆಟ್ಟಗೆ ನಿಂತರೆ ಚುಚ್ಚುವುದು ಸಹಜವೇ. ಜೇಬಿನ ಜಿಪ್ಪಿನ ಮಾತು ಇನ್ನೂ ಸರಳ: ಬಾಗಿದವನ ಜೇಬಿನಿಂದ ಸಾಮಾನು ಬೀಳಬಾರದು.

ತೋಳಿನ ಜಿಪ್ಪು ನಮ್ಮ ಮಟ್ಟಿಗೆ ಇವೆಲ್ಲಕ್ಕಿಂತ ಜಾಣತನದ್ದು. ಸವಾರನ ಕೈಗಳು ಮುಂದಕ್ಕೆ ಚಾಚಿರುತ್ತವೆ. ಅಗಲವಾದ ತೋಳಿನ ಬಾಯಿ ಗಾಳಿಗೆ ಆಲಿಕೆಯಾಗುತ್ತದೆ. ಆದುದರಿಂದ ಅದು ಮಣಿಕಟ್ಟಿಗೆ ಬಿಗಿಯಾಗಿರಬೇಕು. ಆದರೆ ಮಣಿಕಟ್ಟಿನ ಸುತ್ತಳತೆಯೂ ಹೆಬ್ಬೆರಳನ್ನು ಮಡಿಸಿಕೊಂಡ ಅಂಗೈಯ ಸುತ್ತಳತೆಯೂ ಒಂದೇ ಅಲ್ಲ. ನೂಲು ಸುತ್ತಿ ಅಳೆದು ನೋಡಿ. ಬಳೆ ತೊಡಿಸುವವರಿಗೆ ಈ ವ್ಯತ್ಯಾಸವು ಚೆನ್ನಾಗಿ ಗೊತ್ತು. ಹಿಗ್ಗದ ಚರ್ಮವು ಮಣಿಕಟ್ಟಿಗೆ ಹೊಂದಿದರೆ ಕೈ ತೂರದು. ಕೈ ತೂರಿದರೆ ಮಣಿಕಟ್ಟಿಗೆ ಸಡಿಲ. ಅಮೆರಿಕದ ಸೇನಾ ವೈಮಾನಿಕರ 1927ರ ಎ-1 ಜಾಕೆಟಿನಲ್ಲಿ ಮುಂಭಾಗಕ್ಕೆ ಗುಂಡಿಗಳೂ ಮಣಿಕಟ್ಟಿಗೆ ಉಣ್ಣೆಯ ಹೆಣಿಗೆಯೂ ಇದ್ದುವು. 1931ರ ಎ-2 ಜಾಕೆಟು ಗುಂಡಿಗಳನ್ನು ಬಿಟ್ಟು ಜಿಪ್ಪನ್ನು ಹಿಡಿಯಿತು, ಹೆಣಿಗೆಯನ್ನು ಉಳಿಸಿಕೊಂಡಿತು. ಬ್ರಿಟನ್ನಿನ ವಾಯುಪಡೆಯವರು ತೊಡುತ್ತಿದ್ದ ಅರ್ವಿನ್ ಎಂಬ ಕುರಿದೊಗಲಿನ ಜಾಕೆಟಿನಲ್ಲಿ ತೋಳಿಗೇ ಜಿಪ್ಪು ಬಂದಿತು. ಒಂದು ಕಿಲೋಮೀಟರು ಮೇಲೇರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ನೆಲದಲ್ಲಿ 15 ಡಿಗ್ರಿ ಇದ್ದರೆ ಆರು ಕಿಲೋಮೀಟರು ಎತ್ತರದಲ್ಲಿ ಸೊನ್ನೆಗಿಂತ 24 ಡಿಗ್ರಿ ಕೆಳಗೆ. ಅಲ್ಲಿ ದಪ್ಪ ಕೈಗವಸಿಗೂ ತೋಳಿಗೂ ನಡುವೆ ಬೆರಳಗಲದ ಸಂದನ್ನು ಬಿಡುವುದೂ ವಿವೇಕವಲ್ಲ.

ಇಷ್ಟಾಗಿಯೂ ನಮ್ಮ ವಿದ್ಯಾರ್ಥಿಯ ಮಿತ್ರನು ಹೇಳಿದುದು ಪೂರ್ತಿ ಸುಳ್ಳಲ್ಲ. 1953ರ ‘ದಿ ವೈಲ್ಡ್ ಒನ್’ ಚಲನಚಿತ್ರದಲ್ಲಿ ಮಾರ್ಲನ್ ಬ್ರಾಂಡೋ ಈ ಬಗೆಯ ಜಾಕೆಟನ್ನು ತೊಟ್ಟ ತರುವಾಯ ಅದು ಸವಾರರ ಕೈದಾಟಿ ಎಲ್ಲರ ಮೈಗೂ ಏರಿತು. 1970ರ ದಶಕದಲ್ಲಿ ಲಂಡನ್ನಿನ ಪಂಕ್ ಯುವಕರು ಜಿಪ್ಪನ್ನು ಒಡವೆಯಂತೆಯೇ ಧರಿಸಿದರು. ಈಗ ಅಂಗಡಿಗಳಲ್ಲಿ ದೊರೆಯುವ ಎಷ್ಟೋ ಜಾಕೆಟುಗಳಲ್ಲಿ ಜಿಪ್ಪನ್ನು ಎಳೆದರೆ ಹಿಂದೆ ಜೇಬೂ ಇಲ್ಲ, ತೆರಪೂ ಇಲ್ಲ. ಒಡವೆ ತೊಡುವುದು ಅಪರಾಧವೆಂದು ನಾವು ಹೇಳಲಾರೆವು. ನಮ್ಮ ಆಕ್ಷೇಪಣೆಯಿರುವುದು ಒಡವೆಯನ್ನು ಕವಚವೆಂದು ನಂಬುವುದಕ್ಕೆ. ಮೋಟಾರ್ ಸೈಕಲ್ ಇರುವ ವಿದ್ಯಾರ್ಥಿಗಳು ಈ ಮಾತನ್ನು ಸ್ವಲ್ಪ ಗಮನಿಸಬೇಕು.

60 ಕಿಲೋಮೀಟರು ವೇಗದಲ್ಲಿ ಬಿದ್ದವನು ತಕ್ಷಣವೇ ನಿಲ್ಲುವುದಿಲ್ಲ, ಜಾರುತ್ತಾನೆ. ಉಡುಪಿಗೂ ರಸ್ತೆಗೂ ನಡುವಣ ಘರ್ಷಣಾಂಕವನ್ನು 0.6 ಎಂದು ಹಿಡಿದರೆ ಸುಮಾರು 24 ಮೀಟರು ದೂರ, ಮೂರು ಸೆಕೆಂಡಿನಷ್ಟು ಕಾಲ. ಮೂರು ಸೆಕೆಂಡು ಡಾಂಬರಿನ ಮೇಲೆ ಉಜ್ಜಿಸಿಕೊಳ್ಳುವುದು ಎಷ್ಟು ದೀರ್ಘವೆಂಬುದನ್ನು ಊಹಿಸಬಹುದು. ಈ ಹೊತ್ತಿನಲ್ಲಿ ಸಡಿಲ ತೋಳು ಮೊಣಕೈವರೆಗೆ ಸರಿಯುತ್ತದೆ, ಸಡಿಲ ಜಾಕೆಟು ಬೆನ್ನಿನ ಮೇಲಕ್ಕೆ ಏರುತ್ತದೆ. ಇದನ್ನು ತಡೆಯುವುದೇ ತೋಳಿನ ಜಿಪ್ಪಿನ ಇಂದಿನ ದೊಡ್ಡ ಕೆಲಸ. ಸವಾರರ ನಿಜವಾದ ಜಾಕೆಟಿನಲ್ಲಿ ಬೆನ್ನ ಕೆಳಗೆ, ಹೊರಗೆ ಕಾಣದಂತೆ, ಷರಾಯಿಗೆ ಜೋಡಿಸುವ ಜಿಪ್ಪೊಂದು ಇರುವುದುಂಟು. ಬೆಡಗಿನ ಜಾಕೆಟಿನಲ್ಲಿ ಅದನ್ನು ಹುಡುಕಿದರೂ ಸಿಗದು. ಯುರೋಪಿನಲ್ಲಿ 2020ರಲ್ಲಿ ಹೊರಬಂದ ಇಎನ್ 17092 ಎಂಬ ಮಾನಕವು ಇಂತಹ ಉಡುಪುಗಳನ್ನು ಉಜ್ಜಿ, ಹೊಲಿಗೆಗಳನ್ನು ಎಳೆದು ಪರೀಕ್ಷಿಸಿ, ಎಎಎ ಮೊದಲ್ಗೊಂಡು ಐದು ವರ್ಗಗಳಾಗಿ ವಿಂಗಡಿಸುತ್ತದೆ. ಕೊಳ್ಳುವವರು ಜಿಪ್ಪುಗಳನ್ನು ಎಣಿಸುವುದಕ್ಕಿಂತ ಒಳಗಿನ ಈ ಚೀಟಿಯನ್ನು ಓದುವುದು ಲೇಸು.

ಬಿಸಿಲಿನಲ್ಲಿ ಚರ್ಮವನ್ನು ತೊಡುವುದೆಂತು ಎಂದು ರಾಯಚೂರು ಕಲಬುರಗಿಗಳ ವಾಚಕರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಒಂದು ಗ್ರಾಂ ಬೆವರು ಆವಿಯಾದರೆ ಮೈಯಿಂದ ಸುಮಾರು 580 ಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಗಾಳಿಯಾಡದ ಚರ್ಮದೊಳಗೆ ಅದಕ್ಕೆ ಆಸ್ಪದವಿಲ್ಲ. ಇದಕ್ಕೂ ಉಪಾಯವು ಜಿಪ್ಪೇ! ಎದೆಯಲ್ಲೂ ಕಂಕುಳಲ್ಲೂ ಬೆನ್ನಿನಲ್ಲೂ ಜಿಪ್ಪುಗಳಿದ್ದು, ತೆರೆದರೆ ಹಿಂದೆ ಬಲೆಯಂತಹ ಬಟ್ಟೆ ಕಾಣುವ ಜಾಕೆಟುಗಳುಂಟು. ಗಾಳಿ ಮುಂದಿನಿಂದ ಹೊಕ್ಕು ಹಿಂದಿನಿಂದ ಹೊರಡುತ್ತದೆ. ಗಾಳಿಯನ್ನು ಹೊರಗಿಡಲೆಂದು ಬಂದ ಸಾಧನವು ನಮ್ಮ ನಾಡಿನಲ್ಲಿ ಅದನ್ನು ಒಳಕರೆಯಲು ಬೇಕಾಗಿದೆ. ಆದರೆ ಸೆಕೆಯೆಂದು ಎದೆಯ ಜಿಪ್ಪನ್ನೇ ತೆರೆದುಬಿಟ್ಟು ಜಾಕೆಟನ್ನು ಹಾಯಿಯಂತೆ ಹಾರಿಸುತ್ತ ಹೋಗುವವರ ರೀತಿ ಮಾತ್ರ ನಮಗೆ ಒಪ್ಪಿಗೆಯಿಲ್ಲ. ಅದು ಬಿದ್ದಾಗ ಉಳಿಸದು.

ಮರುದಿನ ಆ ವಿದ್ಯಾರ್ಥಿಯನ್ನು ಕರೆದು ಒಂಬತ್ತು ಜಿಪ್ಪುಗಳನ್ನೂ ಒಂದೊಂದಾಗಿ ಎಳೆದು ನೋಡಿದೆವು. ಮೂರರ ಹಿಂದೆ ಅಸ್ತರು ಮಾತ್ರ ಇತ್ತು. ತೋಳಿನ ಎರಡು ಸರಿಯಾಗಿದ್ದುವು, ಜೇಬಿನ ಮೂರೂ ಸರಿಯೇ. ಎದೆಯ ದೊಡ್ಡ ಜಿಪ್ಪು ಮಾತ್ರ ಹಾಕಿದ ಹಾಗೆಯೇ ಹಿಂದಿನಿಂದ ಬಿಚ್ಚಿಕೊಳ್ಳುತ್ತಿತ್ತು. ಅವನು ದಿನವೂ ಬೈಕಿನಲ್ಲಿ ಬರುವುದು ಹಾಗೆಯೇ. ಹಲ್ಲುಗಳೆಲ್ಲ ನೆಟ್ಟಗಿದ್ದುವು; ಸವೆದು ಬಾಯಗಲಿಸಿದ್ದುದು ರನ್ನರ್. ಹೊಸ ರನ್ನರ್ ಹಾಕಿಸಲು ದರ್ಜಿಯ ಬಳಿಗೆ ಅವನನ್ನು ಆಗಲೇ ಕಳುಹಿಸಿದೆವು.