ಒಂಟಿ 28ಕ್ಕೆ ದೆಹಲಿ ಕಿವಿಗೊಡುವುದಿಲ್ಲ

ಕ್ಷೇತ್ರ ಮರುವಿಂಗಡಣೆ ವಿರೋಧಿಸಿ 2025ರ ಮಾರ್ಚ್ 22ರಂದು ಚೆನ್ನೈನಲ್ಲಿ ನಡೆದ ಸಭೆಗೆ ಡಿ.ಕೆ. ಶಿವಕುಮಾರ್ ಹೋದದ್ದನ್ನೇ ನಾಡದ್ರೋಹ ಎಂದು ಕೂಗಿದವರಿದ್ದಾರೆ. ನಮ್ಮ ಮೇಕೆದಾಟು ಅಣೆಕಟ್ಟು ಯೋಜನೆಗೆ ಅಡ್ಡಗಾಲು ಹಾಕುವ ತಮಿಳುನಾಡಿನ ಪಕ್ಕ ಕೂರುವುದೇ ಎಂಬುದು ಅವರ ಸಿಟ್ಟು. ಕೂರಲೇಬೇಕು. ಲೋಕಸಭೆಯ 543 ಸ್ಥಾನಗಳಲ್ಲಿ ನಮ್ಮ ಕರ್ನಾಟಕದ್ದು 28. ದಕ್ಷಿಣದ ಐದು ರಾಜ್ಯ ಸೇರಿದರೆ 129. ಉತ್ತರಪ್ರದೇಶ, ಬಿಹಾರ ಎರಡೂ ಸೇರಿ 120. ಈ ಲೆಕ್ಕ ಕೂಡಲು ಬಾರದವರು ಕನ್ನಡದ ಕಾವಲು ಕಾಯುತ್ತೇವೆಂದು ಎದೆ ತಟ್ಟಿಕೊಳ್ಳುವುದು ಬೇಡ.

ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಪುಟ್ಟ ದೇಶಗಳು. ಯುರೋಪ್ ಒಕ್ಕೂಟದೊಳಗೆ ಮೊದಲು ತಾವು ತಾವೇ ಮಾತಾಡಿಕೊಂಡು ಆಮೇಲೆ ದೊಡ್ಡವರ ಎದುರು ಕೂರುತ್ತವೆ. ನಾವು? 15ನೇ ಹಣಕಾಸು ಆಯೋಗ ನಮ್ಮ ತೆರಿಗೆ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿತು. ಕೇರಳ, ಆಂಧ್ರ, ತೆಲಂಗಾಣದ ಪಾಲೂ ಇಳಿಯಿತು. ಒಬ್ಬೊಬ್ಬರೇ ಅತ್ತೆವು. ಕೇಳಿದವರಿಲ್ಲ.

ಒಂಟಿಯಾದರೆ ಏನಾಗುತ್ತದೆಂದು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1892ರ ಒಪ್ಪಂದ ನೋಡಿ. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಮೇಲೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಅಣೆಕಟ್ಟು ಕಟ್ಟುವಂತಿರಲಿಲ್ಲ. ಮದ್ರಾಸಿನ ಬೆನ್ನಿಗೆ ಬ್ರಿಟಿಷರಿದ್ದರು, ಮೈಸೂರಿನ ಬೆನ್ನಿಗೆ ಯಾರೂ ಇರಲಿಲ್ಲ. ನದಿ ಹುಟ್ಟುವ ನೆಲದಲ್ಲೇ ನಾವು ಸಾವಿರ ಅಡಿ ಬೋರು ಕೊರೆದು ಫ್ಲೋರೈಡ್ ನೀರು ಕುಡಿದೆವು. ಬೆಂಗಳೂರಿಗೆ ಕಾವೇರಿ, ನಮ್ಮ ಕೆರೆಗಳಿಗೆ ಅದೇ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ! ಈ ಅವಮಾನದ ಬಗ್ಗೆ ಗಡಿಪ್ರೇಮಿಗಳು ಎಂದಾದರೂ ಬೀದಿಗಿಳಿದರೇ?

2024ರ ಚುನಾವಣೆಯಲ್ಲಿ ಕೇಂದ್ರದ ಆಡಳಿತ ಮೈತ್ರಿಕೂಟಕ್ಕೆ ನಾವು 19 ಸಂಸದರನ್ನು ಕೊಟ್ಟೆವು. ತೆಲುಗುದೇಶಂ ಗೆದ್ದದ್ದು 16. ಆ ಜುಲೈ ಬಜೆಟ್‌ನಲ್ಲಿ ಅಮರಾವತಿಗೆ 15,000 ಕೋಟಿ ಘೋಷಣೆಯಾಯಿತು. ನಮ್ಮ ಭದ್ರಾ ಮೇಲ್ದಂಡೆ ಯೋಜನೆಗೆ 2023ರಲ್ಲೇ ಘೋಷಿಸಿದ್ದ 5,300 ಕೋಟಿ ಅಲ್ಲಿಯವರೆಗೂ ಬಂದಿರಲಿಲ್ಲ. ಯಾರ ಬೆಂಬಲ ತಪ್ಪಿದರೆ ಕುರ್ಚಿ ಅಲುಗಾಡುತ್ತದೋ ಅವರ ಮಾತು ನಡೆಯುತ್ತದೆ. ನಮ್ಮ 19 ಮಂದಿ ಅಲುಗಾಡುವವರಲ್ಲವೆಂದು ದೆಹಲಿಗೆ ಗೊತ್ತು.

ಆಂಧ್ರದ ಆಡಳಿತ ಪಕ್ಷವಾದ ಅದೇ ತೆಲುಗುದೇಶಂ ಚೆನ್ನೈ ಸಭೆಗೆ ಬರಲಿಲ್ಲ. ಅದನ್ನು ಕರೆತರಲು ನಮಗಿಂತ ತಕ್ಕವರು ಯಾರು? ಚಿಂತಾಮಣಿ ಗಡಿಯ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ನಂಟಸ್ತನ ಆಂಧ್ರದ ಮದನಪಲ್ಲಿವರೆಗೆ. ಮುಂದಿನ ಸಭೆಗೆ ನಮ್ಮ 28 ಮಂದಿಯೂ, ಪಕ್ಷ ಯಾವುದೇ ಇರಲಿ, ಹೋಗಿ ಕೂರಲಿ. ಮೇಕೆದಾಟನ್ನೂ ಪಾಪಾಗ್ನಿಯನ್ನೂ ಅಲ್ಲೇ ತಮಿಳುನಾಡು, ಆಂಧ್ರದ ನಾಯಕರ ಮುಖಕ್ಕೇ ಕೇಳಲಿ.