ಹೆಂಗಸಿನ ತಲೆನೋವು ನೆಪವಲ್ಲ

ನಮ್ಮ ಹುನಗುಂದ ಸೀಮೆಯಲ್ಲಿ ಹೆಂಗಸರ ತಲೆನೋವಿಗೆ ಎರಡೇ ಉತ್ತರ. ಒಂದು, “ಕೆಲಸ ತಪ್ಪಿಸ್ಕೊಳ್ಳಾಕ ನೆಪ ಹುಡುಕ್ಯಾಳ.” ಇನ್ನೊಂದು, “ಏನಾಗೂದಿಲ್ಲ ತಗೋ, ಒಂದು ಗುಳಿಗಿ ನುಂಗು.” ಮೊದಲನೆಯದು ಅಪವಾದ, ಎರಡನೆಯದು ಬಾಯಿ ಮುಚ್ಚಿಸುವ ಉಪಾಯ. “ಎಷ್ಟು ದಿನದಿಂದ ನೋವು? ಯಾವ ಕಡೆ? ಏನು ಮಾಡಿದಾಗ ಹೆಚ್ಚು?” ಎಂದು ಕೇಳುವವರು ಮನೆಯಲ್ಲೂ ಇಲ್ಲ, ಓಣಿಯಲ್ಲೂ ಇಲ್ಲ. ಈಗ ಮೂರನೆಯ ಉತ್ತರವೊಂದು ಮೊಬೈಲಿನೊಳಗಿಂದ ಬಂದಿದೆ. ಕುತ್ತಿಗೆಯನ್ನು ಹಿಡಿದು ಗಕ್ಕನೆ ತಿರುವಿ ‘ಲಟಕ್’ ಎನ್ನಿಸುವುದು. ಅದಕ್ಕೆ ಕೈರೊಪ್ರಾಕ್ಟಿಕ್ ಎಂದು ಹೆಸರು. ಹತ್ತು ವರ್ಷದ ತಲೆನೋವು ಹತ್ತು ಸೆಕೆಂಡಿನಲ್ಲಿ ಹೋಯಿತೆಂದು ಅದರ ಕೆಳಗೆ ಬರೆದಿರುತ್ತಾರೆ.

ಮೊದಲು ನೆಪದ ಮಾತು. 2009ರಲ್ಲಿ ನಿಮ್ಹಾನ್ಸ್ ತಜ್ಞರು ಬೆಂಗಳೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮೈಗ್ರೇನ್, ಅಂದರೆ ನಾವು ಅರೆತಲೆನೋವು ಎನ್ನುವುದು, ಇತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಇಷ್ಟು ಜನ ಹೆಂಗಸರು ಒಟ್ಟಾಗಿ ನಾಟಕ ಆಡುತ್ತಾರೆಯೇ? ಮುಟ್ಟಿನ ಹೊತ್ತಿಗೆ ರಕ್ತದಲ್ಲಿ ಈಸ್ಟ್ರೋಜೆನ್ ಇಳಿದಾಗ ಮೈಗ್ರೇನ್ ಕೆರಳುತ್ತದೆ. ಉಪವಾಸಕ್ಕೆ ಕೆರಳುತ್ತದೆ, ನಿದ್ದೆಗೆಟ್ಟರೆ ಕೆರಳುತ್ತದೆ. ಶ್ರಾವಣ ಸೋಮವಾರ ಮನೆಮಂದಿಗೆಲ್ಲ ಅಡುಗೆ ಮಾಡಿ, ತಾನು ಮಾತ್ರ ಹಸಿದುಕೊಂಡಿರುವವಳಿಗೆ ಸಂಜೆ ತಲೆ ಸಿಡಿದರೆ ಅದು ಅವಳ ನೆಪವೇ?

ಇನ್ನು ಕುತ್ತಿಗೆಯ ವಿಷಯ. ಕೈರೊಪ್ರಾಕ್ಟಿಕ್‌ನವರು ಹೇಳುವುದೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಕುತ್ತಿಗೆಯಿಂದ ಹುಟ್ಟುವ ತಲೆನೋವು ನಿಜವಾಗಿಯೂ ಇದೆ. ಕುತ್ತಿಗೆಯ ಮೇಲ್ಭಾಗದ ಮೂರು ನರಗಳೂ, ಮುಖ ಹಣೆಗಳ ನೋವನ್ನು ಒಯ್ಯುವ ನರವೂ ಮಿದುಳಿನ ಬುಡದಲ್ಲಿ ಒಂದೇ ಕಡೆ ಕೂಡುತ್ತವೆ. ನಮ್ಮ ಸಂಗಮದಲ್ಲಿ ನಿಂತು ಬೊಗಸೆ ನೀರು ಎತ್ತಿ ಇದು ಕೃಷ್ಣೆಯದು, ಇದು ಮಲಪ್ರಭೆಯದು ಎಂದು ಹೇಳಲಾದೀತೇ? ಹಾಗೆಯೇ ಮಿದುಳಿಗೂ ನೋವು ಎಲ್ಲಿಂದ ಬಂತೆಂದು ತಿಳಿಯದೆ, ಕುತ್ತಿಗೆಯ ನೋವು ಹಣೆಯಲ್ಲಿ ಕಾಣಿಸುತ್ತದೆ. ಆದರೆ ಮೈಗ್ರೇನ್ ಬಂದಾಗಲೂ ಕುತ್ತಿಗೆ ಬಿಗಿಯುತ್ತದೆ. ಆದ್ದರಿಂದ ಕುತ್ತಿಗೆ ನೋಯುತ್ತದೆ ಎಂದ ಮಾತ್ರಕ್ಕೆ ಕುತ್ತಿಗೆಯೇ ಕಾರಣವೆಂದು ತೀರ್ಮಾನಿಸಲಾಗದು.

ನನ್ನ ತಕರಾರು ಇರುವುದು ಇಲ್ಲಿಯೇ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ಎಂಬ ಊರಿನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬವರು ಈ ಪದ್ಧತಿ ಆರಂಭಿಸಿದರು. ಬೆನ್ನುಹುರಿಯ ಎಲುಬು ಸ್ಥಾನ ಬಿಟ್ಟು ಸರಿದು ನರ ಒತ್ತುವುದೇ ಹೆಚ್ಚಿನ ಕಾಯಿಲೆಗಳ ಮೂಲ ಎಂಬುದು ಅವರ ವಾದ. ಆ ವಾದಕ್ಕೆ ಇಂದಿಗೂ ಆಧಾರ ಸಿಕ್ಕಿಲ್ಲ. ‘ಲಟಕ್’ ಎನ್ನುವ ಸದ್ದು ಎಲುಬು ಸರಿಹೋದ ಸದ್ದಲ್ಲ, ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆಯಿಂದ ಬರುವ ಸದ್ದು. ಬೆರಳ ನೆಟಿಗೆ ಮುರಿದಾಗ ಕೇಳಿಸುವುದೂ ಅದೇ. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಕುತ್ತಿಗೆಮೂಲದ ತಲೆನೋವಿನ 200 ಜನರ ಮೇಲೆ ನಡೆದ ಪರೀಕ್ಷೆಯೊಂದು ಪ್ರಕಟವಾಯಿತು. ಫಿಸಿಯೋಥೆರಪಿಯವರ ಕೈಚಿಕಿತ್ಸೆಯಿಂದ ನೋವು ಕಡಿಮೆಯಾಯಿತು, ನಿಜ. ಆದರೆ ಬರಿಯ ವ್ಯಾಯಾಮ ಮಾಡಿದವರಿಗೂ ಕಡಿಮೆಯಾಯಿತು, ವರ್ಷದವರೆಗೂ ಗುಣ ಉಳಿಯಿತು. ಹಾಗಿದ್ದ ಮೇಲೆ ಗಕ್ಕನೆ ತಿರುವಿಸಿಕೊಳ್ಳುವ ಹಂಗೇಕೆ? ಕುತ್ತಿಗೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಜೋರಾಗಿ ತಿರುವಿದಾಗ ಅದರ ಒಳಪದರ ಹರಿದು ಲಕ್ವ ಹೊಡೆದ ಉದಾಹರಣೆಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಅಪರೂಪ ಎನ್ನುತ್ತಾರೆ. ಅಪರೂಪವಾದರೂ ಹೋಗುವುದು ನಮ್ಮ ಕೈಕಾಲು, ನಮ್ಮ ಮಾತು. ನಮ್ಮ ದೇಶದಲ್ಲಿ ಫಿಸಿಯೋಥೆರಪಿಗೆ 2021ರ ಕಾನೂನಿನಲ್ಲಿ ಸ್ಥಾನವಿದೆ. ಕೈರೊಪ್ರಾಕ್ಟಿಕ್‌ಗೆ ಪ್ರತ್ಯೇಕ ಪರಿಷತ್ತೇ ಇಲ್ಲ. ವಿಡಿಯೊ ನೋಡಿ ಕಲಿತವನೂ, ಕ್ಷೌರದ ಅಂಗಡಿಯವನೂ, ಓದಿ ಬಂದವನೂ ಒಂದೇ ಫಲಕ ಹಾಕಿಕೊಂಡರೆ ನಾವು ಗುರುತಿಸುವುದು ಹೇಗೆ?

ಗುಳಿಗೆಯೂ ಇದಕ್ಕಿಂತ ಸಾಧು ಎಂದು ತಿಳಿಯಬೇಡಿ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಎರಡು ಮೂರು ಔಷಧ ಬೆರೆಸಿದ್ದನ್ನು 10 ದಿನ, ಹೀಗೆ ಮೂರು ತಿಂಗಳು ಮೀರಿ ನುಂಗಿದರೆ ಆ ಮಾತ್ರೆಯಿಂದಲೇ ತಲೆನೋವು ಹುಟ್ಟಬಹುದು. ನೋವಿಗೆ ಗುಳಿಗೆ, ಗುಳಿಗೆಯಿಂದ ನೋವು, ಮತ್ತೆ ಅದಕ್ಕೊಂದು ಗುಳಿಗೆ. ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಜೊತೆ ಮಾತ್ರೆಯನ್ನೂ ಕಟ್ಟಿಸಿಕೊಂಡು ಬರುವ ನಮ್ಮ ರೂಢಿ ಎಷ್ಟು ಜನರನ್ನು ಈ ಸುಳಿಗೆ ತಳ್ಳಿದೆಯೋ!

ಅಕ್ಕಂದಿರೇ, ತಲೆಯ ಭಾರ ಸುಮಾರು ಐದು ಕಿಲೊ. ನೆಲದ ಮೇಲೆ ಕೂತು, ಬಗ್ಗಿ, ಹೊತ್ತುಹೊತ್ತಿಗೆ ಇಪ್ಪತ್ತು ಮೂವತ್ತು ರೊಟ್ಟಿ ಬಡಿಯುವಾಗ ಆ ಭಾರವನ್ನು ಹೊರುವುದು ಕುತ್ತಿಗೆಯ ಸ್ನಾಯುಗಳು. ಇಳಕಲ್ಲಿನ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವವರು ಹೆಚ್ಚಾಗಿ ಹೆಂಗಸರು. ಸೀರೆಗೆ ಹೆಸರಿದೆ, ಬೆಲೆಯಿದೆ. ಕಂಡಿಕೆ ಸುತ್ತಿದವಳ ಕುತ್ತಿಗೆಗೆ ಏನಿದೆ? ಎಳೆ ಎಣಿಸಿ ಕಸೂತಿ ಹಾಕುವವಳು, ರಾತ್ರಿ ಉತ್ತರಪತ್ರಿಕೆ ತಿದ್ದುವ ನಮ್ಮಂಥ ಶಿಕ್ಷಕಿಯರು, ಎಲ್ಲರದೂ ಅದೇ ಕತೆ. ಈ ಕುತ್ತಿಗೆಯನ್ನು ಯಾರೋ ಬಂದು ಒಂದು ಸಲ ತಿರುವಿದರೆ ಏನು ಬಂತು, ಮರುದಿನ ಅದೇ ಹೊರೆ, ಅದೇ ಬಗ್ಗುವಿಕೆ ಕಾದಿದ್ದರೆ?

ಮಾಡಬೇಕಾದದ್ದು ಬೇರೆ ಇದೆ. ರೊಟ್ಟಿಯ ಹಲಗೆಯನ್ನು ಎತ್ತರದಲ್ಲಿಡಿ. ಅರ್ಧ ಗಂಟೆಗೊಮ್ಮೆ ಎದ್ದು, ಗದ್ದವನ್ನು ಮೆಲ್ಲಗೆ ಒಳಕ್ಕೆಳೆದು ಹೆಗಲು ಹಿಂದಕ್ಕೆ ಮಾಡಿ. ಹಸಿದುಕೊಂಡು ದುಡಿಯಬೇಡಿ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಅದರ ಪಕ್ಕದಲ್ಲೇ ತಲೆನೋವಿನ ದಿನ, ಗುಳಿಗೆಯ ದಿನ, ಮುಟ್ಟಿನ ದಿನ ಬರೆದಿಡಿ. ಮೂರು ತಿಂಗಳ ಆ ಲೆಕ್ಕವನ್ನು ಡಾಕ್ಟರ ಮುಂದಿಡಿ, ಬಿ.ಪಿ., ಕಣ್ಣು, ರಕ್ತ ಪರೀಕ್ಷಿಸಲು ಕೇಳಿ. ಆದರೆ ಎಂದೂ ಇಲ್ಲದ ನೋವು ಸಿಡಿಲಿನಂತೆ ಬಂದರೆ, ಜ್ವರದೊಡನೆ ಕುತ್ತಿಗೆ ಸೆಟೆದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಬಸುರಿಗೆ ತಲೆನೋವಿನೊಡನೆ ಕಣ್ಣು ಮಂಜಾದರೆ ಲೆಕ್ಕ ಬರೆಯುತ್ತ ಕೂಡಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ಕಡೆಗಣಿಸಬೇಡಿ.

ಮನೆಯ ಗಂಡಸರಿಗೂ ಒಂದು ಮಾತು. ಕೂಡಲಸಂಗಮದ ಸೀಮೆಯವರು ನಾವು, ಕಾಯಕದ ಮಾತು ನಮ್ಮ ಬಾಯಲ್ಲಿ ಸದಾ ಇರುತ್ತದೆ. ಕಾಯಕ ಮಾಡುವ ಕಾಯ ನೋಯುತ್ತದೆ ಎಂದಾಗ ಮಾತ್ರ ಕಿವಿ ಮುಚ್ಚುವುದು ಯಾವ ನ್ಯಾಯ? ಗುಳಿಗೆ ತಂದುಕೊಟ್ಟು ಕೈ ತೊಳೆದುಕೊಳ್ಳಬೇಡಿ. ನೀರಿನ ಕೊಡ ನೀವು ಎತ್ತಿ, ಒಂದು ಹೊತ್ತಿನ ಪಾತ್ರೆ ನೀವು ತೊಳೆಯಿರಿ, ಅವಳನ್ನು ಒಂದು ತಾಸು ಕತ್ತಲ ಕೋಣೆಯಲ್ಲಿ ಮಲಗಲು ಬಿಡಿ. ಹೊರೆ ಇಳಿಸದೆ ಕುತ್ತಿಗೆಯನ್ನಷ್ಟೇ ತಿರುವಿಸಿದರೆ ನೋವು ಹೋಗುವುದಿಲ್ಲ.