ತಲೆ ವಾಲಿಸುವ ಮಗು

ಶಾಲೆಯಲ್ಲಿ ಗುಂಪು ಫೋಟೊ ತೆಗೆಯುವಾಗ ಛಾಯಾಗ್ರಾಹಕ ಒಬ್ಬಳೇ ಹುಡುಗಿಗೆ ಎರಡೆರಡು ಸಲ ‘ತಲೆ ನೆಟ್ಟಗಿಡಮ್ಮ’ ಎನ್ನುತ್ತಾನೆ. ಅವಳೂ ನೆಟ್ಟಗಿಡುತ್ತಾಳೆ. ಕ್ಯಾಮೆರಾ ಕ್ಲಿಕ್ ಎನ್ನುವಷ್ಟರಲ್ಲಿ ಅದು ಮತ್ತೆ ಎಡಭುಜದತ್ತ ವಾಲಿರುತ್ತದೆ. ಮನೆಯಲ್ಲೂ ಅದೇ ಗದರಿಕೆ. ಕತ್ತಿಗೆ ಎಣ್ಣೆ ತಿಕ್ಕಿದ್ದೂ ಆಯಿತು. ದೋಷವಿರುವುದು ಅವಳ ಬಲಗಣ್ಣಿನಲ್ಲಿರಬಹುದು ಎಂಬ ಸಂಶಯ ಮಾತ್ರ ಯಾರಿಗೂ ಬರುವುದಿಲ್ಲ.

ಮೆಳ್ಳಗಣ್ಣು ಎಂದರೆ ಕಣ್ಣುಗುಡ್ಡೆ ಮೂಗಿನತ್ತಲೋ ಕಿವಿಯತ್ತಲೋ ಸರಿದಿರುವುದು ಎಂದೇ ಸಾಮಾನ್ಯ ತಿಳಿವಳಿಕೆ. ಒಂದು ಕಣ್ಣು ಇನ್ನೊಂದಕ್ಕಿಂತ ಮೇಲಕ್ಕೆ ಸರಿಯುವುದೂ ಉಂಟು. ವೈದ್ಯರು ಅದನ್ನು ‘ಹೈಪರ್‌ಟ್ರೋಪಿಯಾ’ ಎನ್ನುತ್ತಾರೆ.

ಪ್ರತಿ ಕಣ್ಣನ್ನೂ ಆಡಿಸಲು ಆರು ಸ್ನಾಯುಗಳಿವೆ. ಅವುಗಳಲ್ಲಿ ಒಂದರ ರಚನೆ ಸೋಜಿಗದ್ದು. ಬಾವಿಯ ಹಗ್ಗ ರಾಟೆಯ ಮೇಲೆ ಹಾಯುವಂತೆ ಅದು ಕಣ್ಣುಗೂಡಿನ ಮೂಗಿನ ಬದಿಯಲ್ಲಿರುವ ಪುಟ್ಟ ಕುಣಿಕೆಯೊಂದರ ಮೂಲಕ ಹಾದು, ಹಿಂದಿರುಗಿ ಬಂದು ಗುಡ್ಡೆಗೆ ಅಂಟಿಕೊಳ್ಳುತ್ತದೆ. ಕಣ್ಣನ್ನು ಕೆಳಗಿಳಿಸುವುದು, ತುಸು ಒಳಮುಖವಾಗಿ ಹೊರಳಿಸುವುದು ಅದರ ಕೆಲಸ. ಅದಕ್ಕೆ ಆಜ್ಞೆ ತರುವ ನಾಲ್ಕನೆಯ ಕಪಾಲ ನರ ಬಲು ತೆಳು; ತಲೆಬುರುಡೆಯೊಳಗೆ ದೂರ ಸುತ್ತಿ ಬರುವಂಥದು. ಹುಟ್ಟಿನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ ಇವು ಸೋತರೆ ಆ ಕಣ್ಣು ಮೇಲೇರುತ್ತದೆ. ಪುಸ್ತಕದ ಒಂದು ಸಾಲು ಎರಡಾಗಿ, ಒಂದರ ಮೇಲೊಂದು ಕಾಣಬಹುದು. ತಲೆಯನ್ನು ವಿರುದ್ಧ ಭುಜಕ್ಕೆ ವಾಲಿಸಿದರೆ ಎರಡೂ ಬಿಂಬಗಳು ಕೂಡಿಕೊಳ್ಳುತ್ತವೆ. ಮಗು ತಾನಾಗಿ ಕಂಡುಕೊಂಡ ಉಪಾಯ ಅದು. ಅದಕ್ಕೇ ಬೈಗಳು!

ಶಾಲೆಯ ತಪಾಸಣೆಯಲ್ಲಿ ಇದು ಪತ್ತೆಯಾಗುವುದು ಕಷ್ಟ. ಒಂದೊಂದೇ ಕಣ್ಣು ಮುಚ್ಚಿಸಿ ಅಕ್ಷರ ಓದಿಸಿದರೆ ಎರಡೂ 6/6 ಇರಬಹುದು. ತಕರಾರು ಎರಡೂ ಕೂಡಿ ನೋಡುವಾಗಿನದು. ಒಂದು ಕಣ್ಣು ಮುಚ್ಚಿದಾಗ ತಲೆ ನೆಟ್ಟಗಾಗುವುದೇ ಎಂದು ಪಾಲಕರೇ ಗಮನಿಸಬಹುದು. ಆದರೆ ಖಚಿತಪಡಿಸಬೇಕಾದವರು ನೇತ್ರತಜ್ಞರು. ಅವರು ಮಗುವಿನ ತಲೆಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ವಾಲಿಸಿ ಯಾವ ಕಣ್ಣು ಮೇಲೇರುತ್ತದೆಂದು ನೋಡುತ್ತಾರೆ. ಜರ್ಮನಿಯ ನೇತ್ರವೈದ್ಯ ಬೀಲ್‌ಶೋವ್‌ಸ್ಕಿಯ ಹೆಸರಿನಲ್ಲಿರುವ ಪರೀಕ್ಷೆ ಇದು.

ವ್ಯತ್ಯಾಸ ಅಲ್ಪವಾಗಿದ್ದರೆ ಪ್ರಿಸಂ ಕನ್ನಡಕ ಸಾಕಾಗಬಹುದು. 1 ಪ್ರಿಸಂ ಡಯಾಪ್ಟರ್ ಎಂದರೆ 1 ಮೀಟರ್ ದೂರದಲ್ಲಿ ಬೆಳಕನ್ನು 1 ಸೆಂ.ಮೀ. ಸರಿಸುವ ಗಾಜು. ವ್ಯತ್ಯಾಸ ಹೆಚ್ಚಿದ್ದರೆ ಸ್ನಾಯುವಿನ ಶಸ್ತ್ರಚಿಕಿತ್ಸೆ. ಮೆಳ್ಳಗಣ್ಣು ಅದೃಷ್ಟವೆಂದು ಸುಮ್ಮನಿರುವವರೂ ಇದ್ದಾರೆ. ತಲೆ ವರ್ಷಗಟ್ಟಲೆ ವಾಲಿಯೇ ಇದ್ದರೆ ಮುಖದ ಎರಡು ಪಾರ್ಶ್ವಗಳ ಬೆಳವಣಿಗೆಯೂ ಏರುಪೇರಾಗಬಹುದೆಂಬುದು ಅವರಿಗೆ ತಿಳಿದಿರಲಿಕ್ಕಿಲ್ಲ.

ವೈದ್ಯರಲ್ಲಿಗೆ ಹೋಗುವಾಗ ಮನೆಯ ಆಲ್ಬಮ್ಮನ್ನೂ ಒಯ್ಯುವುದು ಒಳ್ಳೆಯದು. ಮೊದಲ ಹುಟ್ಟುಹಬ್ಬದ ಚಿತ್ರದಲ್ಲೂ ತಲೆ ವಾಲಿದ್ದರೆ ದೋಷ ಹಳೆಯದು, ಗಾಬರಿ ಬೇಡ. ಹಿಂದಿನ ಚಿತ್ರಗಳಲ್ಲೆಲ್ಲ ನೆಟ್ಟಗಿದ್ದು ಈಚೆಗಷ್ಟೇ ವಾಲತೊಡಗಿದ್ದರೆ, ಅಥವಾ ವಸ್ತುಗಳು ಇದ್ದಕ್ಕಿದ್ದಂತೆ ಎರಡಾಗಿ ಕಂಡರೆ, ಅಂದೇ ತೋರಿಸಬೇಕು. ಜೊತೆಗೆ ತಲೆನೋವು, ವಾಂತಿ ಇದ್ದರಂತೂ ಒಂದು ಗಳಿಗೆಯೂ ತಡಮಾಡಬಾರದು.